ತೊಂಬತ್ತೊಂದೂ ಮುಕ್ಕಾಲು ಕಿಲೋ ಗೈರುಹಾಜರಿ

ಬಾಕ್ಸಿಂಗ್ ಆಯ್ಕೆಯ ಬೆಳಿಗ್ಗೆ ತೂಕದ ಕಾಟಾದ ಬಳಿ ಕುಳಿತಿದ್ದ ಮಾನ್ಯ ಅಧಿಕಾರಿಗಳೇ,

ನನ್ನ ಮಗ ಬಸು ಅಂದು ನಿಮ್ಮೆದುರು ಕಾಟಾ ಹತ್ತಿ ನಿಂತಿದ್ದ. ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಗೈರುಹಾಜರು’ ಎಂದಿದೆ. ಆರು ಅಡಿ ಮೂರು ಅಂಗುಲದ ಹುಡುಗ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು, ತಮ್ಮ ಕಣ್ಣಿಗೆ ಬೀಳಲಿಲ್ಲವೇ? ಕಣ್ಣು ತೋರಿಸಬೇಕಿದ್ದರೆ ನಮ್ಮ ಪರೇಲಿಗೆ ಬನ್ನಿ, ಇಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ದಸರೆ ಮುಗಿದ ವಾರ ಬಸು ಡೆಂಗ್ಯೂ ಜ್ವರದಿಂದ ಅವುಗಳಲ್ಲೇ ಒಂದರಲ್ಲಿ ತೀರಿಕೊಂಡ. ಅವನು ಆಯ್ಕೆಗೆ ಬಂದಿದ್ದನೆಂಬ ಒಂದು ಕಾಗದ ಕೊಡಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ ಎಂದು ಬರೆದಿದ್ದೆ. ನಿಮ್ಮ ಕಚೇರಿ ಕಳಿಸಿದ ಉತ್ತರ ಈ ಗೈರುಹಾಜರಿ.

ನಾನು ಏಳನೆಯ ತರಗತಿ ಓದಿದವಳು. ವಿಜಯಪುರದಿಂದ ಮದುವೆಯಾಗಿ ಪರೇಲಿನ ಈ ಚಾಳ್ ಮನೆಗೆ ಬಂದಂದಿನಿಂದ ದಿನಚರಿ ಬರೆಯುತ್ತೇನೆ. ನನ್ನ ತಪ್ಪೂ ಅದರಲ್ಲಿದೆ, ಅದನ್ನೇ ಮೊದಲು ಹೇಳುತ್ತೇನೆ. ಬಾಕ್ಸಿಂಗ್ ಹುಡುಗರು ತೂಕಕ್ಕೆ ಮುಂಚೆ ಹೊಟ್ಟೆ ಕಟ್ಟುವುದನ್ನೇ ಎಂಟು ವರ್ಷ ಕಂಡಿದ್ದೆ. ಈ ಸಲ ಬಸು ತೊಂಬತ್ತೆರಡು ಕಿಲೋ ಮೀರಿದವರ ವಿಭಾಗಕ್ಕೆ ಏರಿದ್ದ. ಅಲ್ಲಿ ತೂಕ ಇಳಿದರೆ ಪ್ರವೇಶವಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಆಯ್ಕೆಯ ಹಿಂದಿನ ದಿನ ಶ್ರಾವಣ ಸೋಮವಾರ.

“ಉಪಾಸ ಮಾಡೋ, ಹಗುರ ಆಗ್ತಿ,” ಎಂದೆ.

“ಯವ್ವಾ, ಈ ಸಲ ಹಗುರಾದ್ರ ಹೊರಗ ಹಾಕ್ತಾರ.”

“ಶಿವನ ಮುಂದ ಲೆಕ್ಕ ಹೇಳಬ್ಯಾಡ.”

“ಆತು ಬಿಡು. ನಾಳೆ ನಿನ್ನ ಶಿವನ್ನೂ ನನ್ನ ಕೂಡ ಕಾಟಾ ಮ್ಯಾಲ ನಿಂದ್ರಿಸ್ತೀನಿ,” ಎಂದು ನಕ್ಕ. ಅಂದು ಹಾಲಷ್ಟೇ ಕುಡಿದ.

ಮರುದಿನ ಏಳು ನಲವತ್ತಕ್ಕೆ ಕಾಟಾ ಕಾಲು ಕಿಲೋ ಕಡಿಮೆ ತೋರಿಸಿತು. ನಾನು ಬಾಗಿಲಲ್ಲಿದ್ದೆ. “ಕ್ಯೂಂ ಪೈಲ್ವಾನ್, ಘರ್ ಮೇ ರೋಟಿ ನಹೀ ಮಿಲ್ತಿ ಕ್ಯಾ?” ಎಂದಿರಿ. ಎಲ್ಲರೂ ನಕ್ಕರು. ರೊಟ್ಟಿ ಇತ್ತು ಸಾಹೇಬರೇ, ನಾನೇ ಬಡಿಸಿರಲಿಲ್ಲ. ಅವನ ಕೋಚ್ ಮನೀಶ್, “ಸರ್, ದಸ್ ಮಿನಿಟ್ ದೋ, ಪಾನಿ ಪೀ ಲೇಗಾ,” ಎಂದು ನೀರು ಕುಡಿಸಿ ತೂಕ ಏರಿಸಲು ಹತ್ತು ನಿಮಿಷ ಬೇಡಿಕೊಂಡರು. ನೀವೇ ಗೋಡೆಗೆ ಅಂಟಿಸಿದ ಸೂಚನೆಯಲ್ಲಿ ಎಂಟು ಗಂಟೆಯವರೆಗೆ ಎಷ್ಟು ಸಲವಾದರೂ ತೂಗಿಸಿಕೊಳ್ಳಬಹುದು ಎಂದಿತ್ತು. ಬಸು ನೀರಿನ ಬಾಟಲಿ ಬಾಯಿಗಿಟ್ಟಿದ್ದ. ನೀವು ಅವನ ತೂಕ ಬರೆಯದೆಯೇ ಪುಸ್ತಕ ಮುಚ್ಚಿ ಚಹಾಕ್ಕೆ ಎದ್ದಿರಿ, ಎಂಟು ಹೊಡೆಯುವವರೆಗೂ ಮರಳಲಿಲ್ಲ. ತೂಕ ಬರೆದರೆ ವೇಳೆಯನ್ನೂ ಬರೆಯಬೇಕು, ವೇಳೆ ಬರೆದರೆ ಉಳಿದಿದ್ದ ಇಪ್ಪತ್ತು ನಿಮಿಷ ಯಾರ ಕಣ್ಣಿಗಾದರೂ ಬೀಳುತ್ತದೆ. ಬಾರದವನಿಗೆ ವೇಳೆ ಬರೆಯುವ ಗೋಜಿಲ್ಲ. ಎಷ್ಟು ಅನುಕೂಲ, ಅಲ್ಲವೇ?

ಹೀಗೆ ಆ ವಿಭಾಗದಲ್ಲಿ ಬಸುವಿನ ಒಬ್ಬನೇ ಎದುರಾಳಿ ಅಮೋಲ್ ಒಂದು ಗುದ್ದೂ ಹಾಕದೆ ಆಯ್ಕೆಯಾದ. ಹತ್ತಾರು ದೇಶಗಳ ಕ್ರೀಡಾಕೂಟಕ್ಕೆ ಹೋಗಿ ಕಂಚು ತಂದ. ಒಳ್ಳೆಯ ಹುಡುಗ. ಹಿಂದೆ ಒಮ್ಮೆ ಬಸು ಅವನನ್ನು ಸೋಲಿಸಿದ್ದ, ಒಮ್ಮೆ ಅವನು ಬಸುವನ್ನು. ಬಸು ತೀರಿಕೊಂಡ ಮೇಲೆ ಕಾಂದಿವಲಿಯಲ್ಲಿ ಅಮೋಲ್‌ನ ಮೆರವಣಿಗೆಗೆ ನಾನೂ ಹೋದೆ. ಯಾಕೆ ಹೋದೆನೋ, ದಿನಚರಿಯಲ್ಲೂ ಬರೆದಿಲ್ಲ. ಅವನ ತಾಯಿ ಇಂದ್ರಾಬಾಯಿ ನನ್ನನ್ನು ಗುರುತಿಸಿ ಬಾಯಿಗೆ ಪೇಡೆ ಇಟ್ಟಳು. “ಬಘಾ ನಾ ತಾಈ, ಪೋರಾಚಂ ನಾಕ್ ಫೋಡ್ಲಂ,” ಎಂದಳು. ಮಗನ ಮೂಗು ಒಡೆದರೆಂದು ಅವಳಿಗೆ ಕಣ್ಣೀರು. ಪದಕ ಕಂಡು ನನಗೇನೂ ಅನ್ನಿಸಲಿಲ್ಲ. ಅರಿಸಿನ ಹಚ್ಚಲು ಅವಳಿಗೊಂದು ಒಡೆದ ಮೂಗು ಇತ್ತಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಲೋಕಲ್ ರೈಲು ದಾದರ್ ಮುಟ್ಟುವವರೆಗೂ ಆ ಪೇಡೆ ಬಾಯಲ್ಲೇ ಇತ್ತು. ಈಗಲೂ ಪೇಪರಿನಲ್ಲಿ ಅವಳ ಫೋಟೋ ಬಂದರೆ ಮಡಚಿಡುತ್ತೇನೆ. ಕೆಟ್ಟ ಗುಣ, ಒಪ್ಪುತ್ತೇನೆ. ಆದರೆ ನಿಮ್ಮ ಪಟ್ಟಿಯ ಪ್ರಕಾರ ನನಗೆ ಆ ಹಕ್ಕೂ ಇಲ್ಲ. ಅಸೂಯೆ ಪಡಲಿಕ್ಕಾದರೂ ಮಗ ಬಂದಿರಬೇಕಲ್ಲ!

ಪದಕ ಬೇಡ, ಪರಿಹಾರ ಬೇಡ. ‘ಗೈರುಹಾಜರು’ ಎಂಬ ಆ ಪದವನ್ನು ಹೊಡೆದುಹಾಕಿ, ಅವನ ತೂಕವನ್ನೂ ವೇಳೆಯನ್ನೂ ಬರೆದು ಸಹಿ ಮಾಡಿ. ಕೆಳಗೆ ‘ಅನರ್ಹ’ ಎಂದು ಬೇಕಾದರೆ ಕೆಂಪು ಶಾಯಿಯಲ್ಲೇ ಬರೆಯಿರಿ. ಕಾಲು ಕಿಲೋದ ತಪ್ಪು ನನ್ನದು, ಹೊರುತ್ತೇನೆ. ಇಪ್ಪತ್ತು ನಿಮಿಷದ್ದು ನಿಮ್ಮದು. ನನ್ನ ಮಗ ಬಂದಿದ್ದ.

ಇಂತಿ,
ಹೊಟ್ಟೆಕಿಚ್ಚಿದ್ದರೂ ಸುಳ್ಳು ಬರೆಯದ
ಶರಣವ್ವ, ಪರೇಲ್