ಆ ಕಂಬಗಳನ್ನು ನಾನು ಕೀಳುವುದಿಲ್ಲ

ಕಟ್ಟಡ ಪರವಾನಗಿ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಅಂಗಳದಲ್ಲಿ ನೆಟ್ಟಿರುವ ಕಂಬಗಳನ್ನು ಬರುವ ಸೋಮವಾರದೊಳಗೆ ಕಿತ್ತು, ಗುಂಡಿಗಳ ತಳ ಕಾಣುವಂತೆ ತೆರೆದಿಡಬೇಕು, ಇಲ್ಲವಾದರೆ ನಿಮ್ಮ ಜನ ಯಂತ್ರ ತಂದು ಕೀಳುತ್ತಾರೆ ಎಂದು ನಿಮ್ಮ ಕಚೇರಿಯಿಂದ ನನಗೆ ನೋಟೀಸು ಬಂದಿದೆ. ಕೀಳುವುದಿಲ್ಲ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟೇ ಬರೆದು ಕಳಿಸಿದರೆ ‘ಉತ್ತರ ಸಮರ್ಪಕವಾಗಿಲ್ಲ’ ಎಂದು ನಿಮ್ಮವರು ಪಕ್ಕಕ್ಕೆ ಸರಿಸುತ್ತಾರೆ. ಅದಕ್ಕೇ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ, ಉದ್ದಕ್ಕೆ ಬರೆಯುತ್ತಿದ್ದೇನೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ, ಆದರೆ ಓದಿ.

ನಾವು ಕಟ್ಟಲು ಹೊರಟದ್ದು ಬಂಗಲೆಯಲ್ಲ. ಹೊಲದ ಯಂತ್ರಗಳನ್ನು ನಿಲ್ಲಿಸಲು ಒಂದು ಕೊಟ್ಟಿಗೆ. ಅದಕ್ಕೆ ಅಡಿಪಾಯವಿಲ್ಲ, ಗಾಳಿ ಬೀಸುವ ಕಡೆ ಬಿಟ್ಟರೆ ಗೋಡೆಯೂ ಇಲ್ಲ. ಸೊಂಟ ಮುಳುಗುವಷ್ಟು ಗುಂಡಿ ತೋಡಿ, ಟಾರು ಬಳಿದ ಮರದ ಕಂಬ ಹೂತು, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ತಗಡು. ಟ್ರ್ಯಾಕ್ಟರ್, ಟ್ರೇಲರ್, ನೇಗಿಲು, ಬಿತ್ತನೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಎಲ್ಲವೂ ಇಷ್ಟು ವರ್ಷ ಬಯಲಲ್ಲೇ ತುಕ್ಕು ಹಿಡಿಯುತ್ತಿದ್ದವು. ಆದರೆ ನಾನು ಕೊಟ್ಟಿಗೆಗೆ ಹಟ ಹಿಡಿದದ್ದು ತುಕ್ಕಿಗಾಗಿ ಅಲ್ಲ, ನಮ್ಮ ಯಜಮಾನರಿಗಾಗಿ.

ಯಜಮಾನರಿಗೆ ಕಣ್ಣು ಕಾಣುವುದಿಲ್ಲ. ಮಂಜು ಕವಿಯುತ್ತಾ ಬಂದು ಈಗ ಬೆಳಕು ಯಾವ ಕಡೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಆದರೂ ಯಂತ್ರಗಳ ರಿಪೇರಿಯನ್ನು ಅವರು ಬಿಟ್ಟಿಲ್ಲ. ಪಾಪದ ಮುದುಕ ಎಂದುಕೊಳ್ಳಬೇಡಿ. ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಯದನ್ನು ಕೈಗಿಟ್ಟರೆ ಅದು ಬೇಲಿಯಾಚೆ ಹೋಗಿ ಬೀಳುತ್ತದೆ. ಬಾಗಿಲಿನಿಂದ ಯಂತ್ರದವರೆಗೆ ಅವರು ಹೋಗುವುದು ಕಾಲಿನ ನೆನಪಿನಿಂದ: ಇಲ್ಲಿ ಜಲ್ಲಿ, ಇಲ್ಲಿ ಮೆತ್ತನೆ ಮಣ್ಣು, ಇಲ್ಲಿ ಟ್ರೇಲರಿಗೆ ಹತ್ತುವ ಹಲಗೆ. ಕೋಲು ಹಿಡಿಯುವುದಿಲ್ಲ, ಯಾರ ಕೈಯನ್ನೂ ಹಿಡಿಯುವುದಿಲ್ಲ. ಕಷ್ಟವೆಂದರೆ ಬಯಲಿನಲ್ಲಿ ಯಂತ್ರಗಳು ಒಂದು ದಿನ ನಿಂತಲ್ಲಿ ಇನ್ನೊಂದು ದಿನ ನಿಲ್ಲುವುದಿಲ್ಲ. ನನ್ನ ಮೈದುನ ಹೊಲದಿಂದ ಬಂದವನು ಎಲ್ಲಿ ತೋಚಿತೋ ಅಲ್ಲಿ ನಿಲ್ಲಿಸುತ್ತಾನೆ. ಯಜಮಾನರು ಹೋಗಿ ಮೊಣಕಾಲು ಬಡಿಸಿಕೊಳ್ಳುತ್ತಾರೆ. ಪ್ರತಿ ಯಂತ್ರಕ್ಕೂ ಒಂದು ಖಾಯಂ ಜಾಗ ಇರಬೇಕು ಎನ್ನುವುದೇ ನಮ್ಮ ಕೊಟ್ಟಿಗೆಯ ಮೂಲ.

ಅದರ ನಕ್ಷೆ ಮೊದಲು ತಯಾರಾದದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ನಾದಿದ ಹಿಟ್ಟನ್ನು ಚಪ್ಪಟೆ ಮಾಡಿ, ಕಂಬಕ್ಕೊಂದರಂತೆ ಬೆಂಕಿಕಡ್ಡಿ ಚುಚ್ಚಿದೆ. ಯಜಮಾನರು ಬೆರಳಾಡಿಸಿ ನೋಡಿ ಕಡ್ಡಿಗಳನ್ನೆಲ್ಲ ಕಿತ್ತರು.

“ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಎಲ್ಲಿದೆ? ಎತ್ತಿ ಇಡ್ತೀಯಾ?”

“ತಿರುಗಿಸೋದು ನಿಮ್ಮ ತಮ್ಮ ತಾನೇ? ನೀವಲ್ವಲ್ಲ!” ಎಂದುಬಿಟ್ಟೆ. ನನ್ನ ನಾಲಿಗೆಯೇ ಹಾಗೆ. ಅವರು ಹಿಟ್ಟನ್ನು ಇನ್ನಷ್ಟು ಅಗಲಕ್ಕೆ ತಟ್ಟಿದರು. ಆಮೇಲೆ ಕಡ್ಡಿಗಳನ್ನು ದೂರ ದೂರಕ್ಕೆ ಚುಚ್ಚಿ, “ಹಿಟ್ಟು ಒಣಗೋಕೆ ಮುಂಚೆ ಅಳತೆ ತಗೋ” ಎಂದರು. ಅದೇ ಅಳತೆಯನ್ನು ಕಾಗದಕ್ಕಿಳಿಸಿ ನಿಮಗೆ ಕೊಟ್ಟೆವು, ನೀವು ಮೊಹರು ಒತ್ತಿ ಒಪ್ಪಿಗೆ ಕೊಟ್ಟಿರಿ. ಜೊತೆಗೊಂದು ಷರತ್ತು: ಗುಂಡಿ ತೋಡಿದ ಮೇಲೆ ಕಚೇರಿಯವರು ಬಂದು ಆಳ ನೋಡುವವರೆಗೆ ಕಂಬ ನೆಡತಕ್ಕದ್ದಲ್ಲ, ಗುಂಡಿ ಮುಚ್ಚತಕ್ಕದ್ದಲ್ಲ.

ಷರತ್ತು ತಪ್ಪೆಂದು ನಾನು ಹೇಳುತ್ತಿಲ್ಲ. ಆಳವಿಲ್ಲದ ಕಂಬದ ಮೇಲೆ ತಗಡು ಹೊದಿಸಿದರೆ ಒಂದು ಬಿರುಗಾಳಿಗೆ ಸೂರು ಪಕ್ಕದವರ ಹೊಲದಲ್ಲಿರುತ್ತದೆ. ಆದರೆ ಸ್ವಾಮಿ, ಅದರಲ್ಲಿ ಎರಡು ಕೆಲಸಗಳಿವೆ. ತೋಡುವುದು ನಮ್ಮದು, ಬರುವುದು ನಿಮ್ಮದು. ನಾವು ತೋಡಿದೆವು. ನೀವು ಬಂದಿರಾ?

ಫೋನು ಮಾಡಿದೆ. ‘ನಾಳೆ’ ಎಂದರು. ಆ ನಾಳೆಗೂ ಇನ್ನೊಂದು ನಾಳೆ ಹುಟ್ಟಿತು. ಕೊನೆಗೆ ನಾನೇ ನಿಮ್ಮ ಕಚೇರಿಗೆ ಬಂದೆ. ಗಾಜಿನ ಕಿಂಡಿಯ ಹಿಂದೆ ಕೂತವನು ಮೊಬೈಲಿನಿಂದ ತಲೆ ಎತ್ತದೆ ಹೇಳಿದ:

“ಸಾಹೇಬ್ರು ಫೀಲ್ಡಿಗೆ ಹೋಗಿದಾರೆ, ಅಮ್ಮಾ.”

“ನಮ್ಮ ಹೊಲಕ್ಕೇ ಬರಬೇಕಾಗಿತ್ತಲ್ಲಪ್ಪಾ ಅವರು. ದಾರಿ ತಪ್ಪಿದ್ರಾ?”

“ನಿಮ್ದೊಂದೇ ಕೇಸಾ ನಮಗೆ? ಸರದಿ ಬಂದಾಗ ಬರ್ತಾರೆ.”

“ಮನೇಲಿ ಕಣ್ಣು ಕಾಣದವರಿದಾರೆ. ಅಂಗಳದ ತುಂಬಾ ಗುಂಡಿ ಬಾಯಿ ತೆರಕೊಂಡು ಕೂತಿದೆ.”

ಆಗ ತಲೆ ಎತ್ತಿದ. ಎತ್ತಿ ಏನೆಂದ ಗೊತ್ತೇ? “ಹಂಗಾದ್ರೆ ಅವರನ್ನ ಒಳಗಿಟ್ಕೊಳ್ಳಿ.”

ಒಳಗಿಟ್ಟುಕೊಳ್ಳಬೇಕಂತೆ! ಅವರೇನು ಗೋಧಿ ಮೂಟೆಯೇ? ನಿಮಗಾಗಿ ಕಾಯುವ ಗುಂಡಿ ಹೊರಗಿರಬೇಕು, ಸ್ವಂತ ಅಂಗಳದಲ್ಲಿ ಓಡಾಡುವ ಮನುಷ್ಯ ಒಳಗಿರಬೇಕು. ಇದು ಯಾವ ಸೀಮೆಯ ಲೆಕ್ಕಾಚಾರ?

ಯಜಮಾನರು ಒಳಗೆ ಕೂರುವ ಆಸಾಮಿಯಲ್ಲ. ನಾನು ಬಾಗಿಲಿಗೆ ಅಡ್ಡ ಕೂತೆ. ಹಗ್ಗ ಕಟ್ಟಿದೆ, ಗಾಳಿಗೆ ಗೂಟ ಸಡಿಲವಾಗಿ ಹಗ್ಗ ನೆಲ ಕಂಡಿತು. ಕೊನೆಗೆ ದಾರಿಯಲ್ಲಿದ್ದ ಗುಂಡಿಗಳ ಮೇಲೆ ಕೈಗೆ ಸಿಕ್ಕ ಹಳೆಯ ಹಲಗೆಗಳನ್ನು ಹಾಸಿದೆ. ಅದೇ ಅನಾಹುತವಾಯಿತು. ನನ್ನ ಕಣ್ಣಿಗೆ ಹಲಗೆಯೆಂದರೆ ಮುಚ್ಚಳ. ಯಜಮಾನರ ಕಾಲಿಗೆ ಹಲಗೆಯೆಂದರೆ ಟ್ರೇಲರು. ನಾನು ಹಿತ್ತಿಲಲ್ಲಿದ್ದಾಗ ಹೊರಬಿದ್ದ ಅವರು, ಪಾದಕ್ಕೆ ಮರ ತಗಲಿದ್ದೇ ಟ್ರೇಲರ್ ಬಂತೆಂದು ಧೈರ್ಯವಾಗಿ ಮೇಲಕ್ಕೆ ಹೆಜ್ಜೆ ಎತ್ತಿಟ್ಟರು. ಅಲ್ಲಿ ಮೇಲೆ ಏನೂ ಇರಲಿಲ್ಲ. ಮುಗ್ಗರಿಸಿದರು, ಹಲಗೆ ಜಾರಿತು, ಗುಂಡಿಗೆ ಬಿದ್ದರು.

ಅವರು ಕೂಗಿದರೆಂದುಕೊಂಡಿರಾ? ಕೂಗಲಿಲ್ಲ. ನಾನು ಬಂದು ನೋಡಿದರೆ ಗುಂಡಿಯೊಳಗೆ ಸೊಂಟದವರೆಗೆ ನಿಂತು, ಎರಡೂ ಕೈಯಿಂದ ಸುತ್ತಲ ಮಣ್ಣನ್ನು ತಡವುತ್ತಿದ್ದಾರೆ. “ಇದು ಎಲ್ಲಿ ಕಣೇ?” ಎಂದು ಕೇಳಿದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ದನಿ ನಾನು ಕೇಳಿರಲಿಲ್ಲ. ತಮ್ಮದೇ ಅಂಗಳದಲ್ಲಿ ನಿಂತು ಇದು ಎಲ್ಲಿ ಎಂದು ಕೇಳಿದರು, ಮಾನ್ಯರೇ.

ಮೂಳೆ ಮುರಿಯಲಿಲ್ಲ. ಪಾದ ಉಳುಕಿ ಊದಿತ್ತು, ಊತ ಇಳಿಯಿತು. ಆದರೆ ಆಮೇಲೆ ಅವರು ಹೊಸ್ತಿಲು ದಾಟಲಿಲ್ಲ. ಕುರ್ಚಿಯಲ್ಲಿ ಕೂತು, ಬಚ್ಚಲಿಗೆ ಹೋಗಬೇಕಾದರೂ “ಲೇ, ಕೈ ಕೊಡು” ಎನ್ನತೊಡಗಿದರು. ಬೈಗುಳ ನಿಂತಿತು. ಒಂದು ದಿನ ಬೇಕೆಂದೇ ತಪ್ಪು ಸ್ಪ್ಯಾನರ್ ಕೈಗಿಟ್ಟೆ. ಬೈಯಲಿಲ್ಲ, ಎಸೆಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೆಯ ಬೆಳಿಗ್ಗೆಯೇ ಮೈದುನನನ್ನೂ ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನೂ ಕರೆದು ಎಲ್ಲ ಕಂಬ ನೆಡಿಸಿದೆ. ಹೌದು, ನಿಮ್ಮ ಷರತ್ತು ಮೀರಿ, ಗೊತ್ತಿದ್ದೂ ಮೀರಿ. ಗಡಿಬಿಡಿಯಲ್ಲಿ ಒಂದು ಕಂಬ ತುಸು ವಾಲಿಕೊಂಡಿದೆ, ಅದನ್ನೂ ಒಪ್ಪುತ್ತೇನೆ. ಸದ್ದು ಕೇಳಿ ಯಜಮಾನರು ಬಾಗಿಲಿಗೆ ಬಂದು ನಿಂತರು. ನಾನು ಕರೆಯಲಿಲ್ಲ. ಕರೆದರೆ ಬರುವವರಲ್ಲ. ಕೈ ಮುಂದೆ ಚಾಚಿ ನಿಧಾನಕ್ಕೆ ಬಂದರು, ಮೊದಲ ಕಂಬ ಸಿಕ್ಕಿತು. ತಬ್ಬಿ ಅಲ್ಲಾಡಿಸಿ ನೋಡಿದರು. ಅಲ್ಲಿಂದ ಎರಡನೆಯದಕ್ಕೆ. ಈಗ ಪ್ರತಿಯೊಂದರ ಗುರುತೂ ಅವರ ಕೈಗಿದೆ: ಗಂಟಿನ ಕಂಬ, ಸೀಳಿನ ಕಂಬ, ಟಾರು ಅಂಟುವ ಕಂಬ. ವಾಲಿದ್ದಕ್ಕೆ ನನ್ನ ಅಣ್ಣನ ಪಟ್ಟ ಕಟ್ಟಿದ್ದಾರೆ. “ಬಾ ಇಲ್ಲಿ, ನಿಮ್ಮಣ್ಣ ಇವತ್ತೂ ನೆಟ್ಟಗೆ ನಿಂತಿಲ್ಲ ನೋಡು” ಎಂದು ಕೂಗುತ್ತಾರೆ. ನಿನ್ನೆ ಮತ್ತೆ ಒಂದು ಸ್ಪ್ಯಾನರ್ ಬೇಲಿಯಾಚೆ ಹೋಯಿತು. ಹುಡುಕಿ ತರುವಾಗ ನನಗೆ ಎಷ್ಟು ಸಮಾಧಾನವಾಯಿತೆಂದು ನಿಮಗೆ ಹೇಗೆ ಹೇಳಲಿ?

ಗುಂಡಿ ಬಾಯಿ ತೆರೆದಿದ್ದಷ್ಟು ಕಾಲ ಬಾರದ ನಿಮ್ಮ ಕಚೇರಿ, ಕಂಬ ನೆಟ್ಟದ್ದು ಯಾರದೋ ಬಾಯಿಂದ ಕೇಳಿ ಓಡಿಬಂತು! ಟೇಪು ಹಿಡಿದು ಬಂದವನು ವಾಲಿದ ಕಂಬದ ಫೋಟೋ ತೆಗೆದುಕೊಂಡ. ಬಿದ್ದ ಕಥೆ ಹೇಳಿದರೆ, “ಹಲಗೆ ಹಾಕಿ ಅಂತ ನಿಮಗೆ ಯಾರು ಹೇಳಿದ್ದು?” ಎಂದು ನನ್ನನ್ನೇ ಕೇಳಿದ. ಯಾರೂ ಹೇಳಲಿಲ್ಲ. ಹೇಳಬೇಕಾದವರು ಫೀಲ್ಡಿಗೆ ಹೋಗಿದ್ದರಲ್ಲ.

ಈಗ ನನ್ನ ಬೇಡಿಕೆ. ಸೋಮವಾರಕ್ಕೆ ಮುಂಚೆ ನೀವೇ ಬನ್ನಿ, ಟೇಪಿನವನನ್ನು ಕಳಿಸಬೇಡಿ. ನಿಮಗೆ ಅನುಮಾನವಿರುವ ಕಂಬಗಳನ್ನೆಲ್ಲ ಬೆರಳು ಮಾಡಿ ತೋರಿಸಿ. ಒಂದೊಂದರ ಪಕ್ಕದಲ್ಲೂ ನಾನು ಅಗೆಸಿ ಬುಡ ತೋರಿಸುತ್ತೇನೆ. ಒಂದು ಗುಂಡಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು, ಅಲ್ಲಿಯವರೆಗೆ ನೀವು ಅದರ ಅಂಚಿನಿಂದ ಅಲ್ಲಾಡಬಾರದು. ಆಳ ಕಡಿಮೆ ಬಂದ ಕಂಬವನ್ನು ನಿಮ್ಮೆದುರೇ ಕಿತ್ತು, ಆಳ ಮಾಡಿ, ಅದೇ ಜಾಗದಲ್ಲಿ ನೆಡುತ್ತೇನೆ. ಆಳ ಸರಿಯಿದ್ದರೆ ನೋಟೀಸು ಹಿಂದಕ್ಕೆ ತೆಗೆದುಕೊಂಡು ತಗಡು ಹೊದಿಸಲು ಬಿಡಿ.

ಇದೂ ಆಗದು, ಕೀಳಲೇಬೇಕು ಎನ್ನುವಿರಾದರೆ ಆಗಲೂ ನೀವೇ ಬನ್ನಿ, ಬೆಳಿಗ್ಗೆಯೇ ಬನ್ನಿ. ಆ ಹೊತ್ತಿಗೆ ಯಜಮಾನರು ನಮ್ಮಣ್ಣನ ಹತ್ತಿರ, ಅಂದರೆ ಆ ವಾಲಿದ ಕಂಬದ ಹತ್ತಿರ, ಒಂದು ಕೈ ಅದರ ಮೇಲಿಟ್ಟು ನಿಂತಿರುತ್ತಾರೆ. ಯಾರದು ಎಂದು ಕೇಳುತ್ತಾರೆ. ನಿಮ್ಮ ಹುದ್ದೆ ಹೇಳಿ, ಬಂದ ಕೆಲಸ ಹೇಳಿ, ಮೊದಲು ಆ ಕೈಯನ್ನು ಕಂಬದಿಂದ ತೆಗೆಸಿ. ಅದೊಂದು ನನ್ನಿಂದಾಗುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಆದೇಶ ಮೀರಿದವಳು,
ನಮ್ಮ ಮನೆಯಲ್ಲಿ ಬರೀ ‘ಲೇ’