ಹೂವಿನ ಭಾನುವಾರಕ್ಕೆ ಮೊದಲೇ

ಅಮ್ಮಾ,

ಈ ಸಲ ನಮ್ಮೂರು ಅಬರ್‌ಡೇರಿನ ಗುಡ್ಡದ ಮೇಲೆ ಒಮ್ಮೆಯೂ ಹಿಮ ಬೀಳಲಿಲ್ಲ. ನಮ್ಮ ಹಿತ್ತಲಿನ ಡ್ಯಾಫೊಡಿಲ್ ಗಡ್ಡೆಗಳು ಮಾರ್ಚಿಗೆ ಕಾಯದೆ ಜನವರಿಯಲ್ಲೇ ಚಿಗುರಿ ಹಳದಿ ಹೂ ಬಿಟ್ಟಿವೆ. ಈಸ್ಟರಿನ ಹಿಂದಿನ ವಾರ, ಹೂವಿನ ಭಾನುವಾರದಂದು, ಊರವರೆಲ್ಲ ತಮ್ಮವರ ಸಮಾಧಿ ತೊಳೆದು ಹೂವಿಡುವಾಗ ನಮ್ಮಲ್ಲಿ ಬರೀ ಎಲೆ ಉಳಿದಿರುತ್ತದೆ. ಅಂಗಡಿಯ ಹೂವನ್ನು ನೀನು ಅಜ್ಜಿಯ ಸಮಾಧಿಗೆ ಎಂದೂ ಇಟ್ಟವಳಲ್ಲ. ನಿನ್ನ ಸಮಾಧಿಗೆ ಹೂವಿಡುವ ಮೊದಲ ವರ್ಷ ಇದು. ನಾನು ಹೇಗೆ ಇಡಲಿ?

ಅದಕ್ಕೇ ಇವತ್ತು ಬೆಳಿಗ್ಗೆ ಅರಳಿದ್ದಷ್ಟನ್ನೂ ಕೊಯ್ದು, ಯಾರಿಗೂ ಕಾಣದಂತೆ ಕೋಟಿನೊಳಗೆ ಇಟ್ಟುಕೊಂಡು ಹೋದೆ. ಸ್ಮಶಾನದ ಗೇಟಿನಲ್ಲೇ ಪಕ್ಕದ ಮನೆಯ ನೆಸ್ಟಾ ಆಂಟಿ ಎದುರಾದರು.

"ಏನೇ ಹುಡುಗಿ, ಕೋಟಿನ ಸಂದಿಯಿಂದ ಹಳದಿ ಇಣುಕ್ತಿದೆ?"

"ಕಲ್ಲು ಒರೆಸೋಣ ಅಂತ ಬಂದೆ ಆಂಟಿ. ನಿಮ್ಮ ಚೀಲದಲ್ಲೇನು?"

"ಆಲೂಗಡ್ಡೆ."

"ಆಲೂಗಡ್ಡೆ ಡ್ಯಾಫೊಡಿಲ್ ಬಿಡೋಕೆ ಶುರು ಮಾಡಿದ್ದು ಯಾವಾಗಿಂದ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನಿಮ್ಮಮ್ಮ ಇದ್ದಿದ್ರೆ, ದಿನ ಬರೋ ತನಕ ಕಾಯೋಕಾಗಲ್ವಾ ಅಂತ ಇಬ್ಬರನ್ನೂ ವಾಪಸ್ ಅಟ್ಟಿರೋಳು," ಎಂದು ಹೇಳಿ ಅವರು ತಮ್ಮ ಗಂಡನ ಸಮಾಧಿಯತ್ತ ನಡೆದರು.

ಕಾಯಬಹುದೆಂದೇ ನಾನೂ ಅಂದುಕೊಂಡಿದ್ದೆ, ಅಮ್ಮಾ. ನೀನು ಆಸ್ಪತ್ರೆಯಿಂದ ಫೋನ್ ಮಾಡಿ, ಯಾವಾಗ ಬರ್ತೀಯ ಎಂದು ಕೇಳಿದಾಗ, "ಭಾನುವಾರ ಬರ್ತೀನಿ" ಎಂದಿದ್ದೆ. ಆ ಭಾನುವಾರದ ತನಕ ನೀನು ಉಳಿಯಲಿಲ್ಲ.

ಹೂಗಳನ್ನು ನಿನ್ನ ಹೆಸರಿನ ಕೆಳಗೆ ಇಟ್ಟು ಬಂದಿದ್ದೇನೆ. ಇವತ್ತು ಮಂಗಳವಾರ.