ಮಾವನ ಗೋಡೆ ತೊಳೆದ ಸಂಗತಿ

ಪ್ರೀತಿಯ ಅತ್ತೆ,

ನೀವು ತೀರಿಹೋದ ಮೇಲೆ ನಿಮಗೆ ಕಾಗದ ಬರೆಯುವ ಹುಚ್ಚು ಇದುವರೆಗೆ ಹತ್ತಿರಲಿಲ್ಲ. ಇವತ್ತು ಹತ್ತಿದೆ. ನಡೆದದ್ದನ್ನು ಇನ್ಯಾರಿಗೆ ಹೇಳಿದರೂ ‘ಅಷ್ಟೇನಾ?’ ಅಂದುಬಿಡುತ್ತಾರೆ. ನೀವು ಹಾಗನ್ನುವುದಿಲ್ಲ. ಬಣ್ಣದ ಮೇಸ್ತ್ರಿಯನ್ನು ಕಟ್ಟಿಕೊಂಡು ಜೀವಮಾನವೆಲ್ಲ ಗೋಡೆಯ ಪುರಾಣ ಕೇಳಿದವರು ನೀವು.

ಮಾವನ ಒಂದು ಕಣ್ಣು ನೀವಿದ್ದಾಗಲೇ ಹೋಗಿತ್ತಲ್ಲ. ಹೋದ ವರ್ಷ ಇನ್ನೊಂದಕ್ಕೂ ಮಂಜು ಕವಿಯಿತು. ಒಪ್ಪಿಕೊಂಡರೆ ಕೇಳಿ, ನಿಮ್ಮ ಯಜಮಾನರು! ‘ನಂಗೆಲ್ಲ ಕಾಣುತ್ತೆ ಕಣಮ್ಮ, ನೀನು ನಿನ್ನ ಕೆಲಸ ನೋಡ್ಕೋ’ ಎನ್ನುತ್ತಲೇ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಆ ಸುಳ್ಳನ್ನು ಹಿಡಿದುಕೊಟ್ಟಿದ್ದು ಗೋಡೆ. ಕೆಲಸ ಬಿಡುವ ಮುಂಚೆ ಅವರು ಕೊನೆಯದಾಗಿ ಬಳಿದರಲ್ಲ, ಬಚ್ಚಲಿಗೆ ಹೋಗುವ ಪ್ಯಾಸೇಜಿನ ಆ ಕೆನೆಬಣ್ಣದ ಗೋಡೆ, ಅದರ ಮೇಲೆ ಸೊಂಟದೆತ್ತರಕ್ಕೆ ಕಪ್ಪು ಪಟ್ಟಿಯೊಂದು ಮೂಡತೊಡಗಿತು. ತಡವಿಕೊಂಡು ಹೋದ ಕೈಯ ಗುರುತು. ಅದು ದಿನದಿನಕ್ಕೂ ದಟ್ಟವಾಗುತ್ತಿತ್ತು.

ಕೊನೆಗೆ ನಿಮ್ಮ ಮಗ ಗದರಿಸಿ ಆಪರೇಷನ್ನಿಗೆ ಒಪ್ಪಿಸಿದರು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ‘ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಮನೆಗೆ ಹೋದ ಮೇಲೆ ನಿಧಾನಕ್ಕೆ ಗೊತ್ತಾಗುತ್ತೆ’ ಅಂದರು.

ಮಾವ ಆಸ್ಪತ್ರೆಯಲ್ಲಿದ್ದಾಗ ನನ್ನ ತಲೆ ತಿಂದದ್ದು ಆ ಪಟ್ಟಿ. ಕಣ್ಣು ಬಂದರೆ ಮೊದಲು ನೋಡುವುದು ತಮ್ಮ ಗೋಡೆಯನ್ನೇ. ಅಲ್ಲಿ ಅವರ ತಡವಾಟದ ಗುರುತು ಅವರಿಗೆ ಕಾಣಬಾರದು. ಹೊಸ ಬಣ್ಣ ಹೊಡೆಸೋಣವೆಂದರೆ ವಾಸನೆ, ಧೂಳು ಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ತೊಳೆಯುವುದೊಂದೇ ದಾರಿ.

ನೀವು ಹೇಳಿಕೊಟ್ಟ ಹಾಗೆಯೇ ಮಾಡಿದೆ ಅತ್ತೆ. ಮೊದಲು ಒಣಬಟ್ಟೆಯಲ್ಲಿ ಧೂಳು ತೆಗೆದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಒಂದೆರಡು ಹನಿ, ಅಷ್ಟೇ. ಬೀರುವಿನ ಹಿಂದೆ ಕಾಣದ ಜಾಗದಲ್ಲಿ ಒರೆಸಿ ನೋಡಿ, ಬಣ್ಣ ಬಟ್ಟೆಗೆ ಹತ್ತುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಹಗುರವಾಗಿ ಒರೆಸುತ್ತಾ ಬಂದೆ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಇಳಿದು ಗೆರೆ ನಿಲ್ಲುತ್ತದೆಂದು ಎಷ್ಟು ಸಲ ಬೈದಿದ್ದಿರಿ! ಹಿಂದೆಯೇ ಬರೀ ನೀರಿನ ಬಟ್ಟೆ, ಆಮೇಲೆ ಒಣಬಟ್ಟೆ. ಪಟ್ಟಿ ಕರಗುತ್ತಾ ಬಂತು. ತಿರುವಿನಲ್ಲಿ ಮಾತ್ರ, ಅವರು ತಲೆಯಾನಿಸಿ ಸುಧಾರಿಸಿಕೊಳ್ಳುತ್ತಿದ್ದ ಕಡೆ, ತಲೆಯೆಣ್ಣೆಯ ಜಿಡ್ಡು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ನಿಮ್ಮ ಮಗನ ಫೋನು: ‘ಹೊರಟಿದ್ದೀವಿ, ಬಾಗಿಲು ತೆಗೆದಿಡು.’

ಇನ್ನು ಹೊತ್ತಿಲ್ಲ. ಪಾತ್ರೆ ಉಜ್ಜುವ ಒರಟು ನಾರು ತಂದು ಗಸಗಸ ಉಜ್ಜಿಬಿಟ್ಟೆ. ಜಿಡ್ಡೇನೋ ಹೋಯಿತು. ಒಣಗಿದ ಮೇಲೆ ನೋಡುತ್ತೇನೆ, ಹೊಳಪಿಲ್ಲದ ಆ ಬಣ್ಣದ ನಡುವೆ ಅಂಗೈಯಗಲ ಜಾಗ ಪಳಪಳ ಅನ್ನುತ್ತಿದೆ! ಎದುರು ನಿಂತರೆ ಏನೂ ಇಲ್ಲ, ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದರೆ ಎದ್ದು ಕಾಣುತ್ತದೆ. ಒಮ್ಮೆ ಹಾಗಾದರೆ ಮತ್ತೆ ಬಣ್ಣ ಬಳಿಯದೆ ಸರಿಹೋಗುವುದಿಲ್ಲ. ದೇವರೇ, ಇದು ಅವರ ಕಣ್ಣಿಗೆ ಬೀಳದಿರಲಿ ಎಂದು ಬೇಡಿಕೊಂಡೆ.

ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ‘ಹೇಗಿದೆ ಮಾವ?’ ಎಂದರೆ ‘ಫಸ್ಟ್‌ಕ್ಲಾಸ್! ಎಲ್ಲ ಕಾಣ್ತಿದೆ’ ಎಂದರು. ನಿಮ್ಮ ಮಗ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವರ್ಷವಿಡೀ ಕೇಳಿದ ಮಾತೇ ಅದು, ನಂಬುವುದು ಹೇಗೆ? ಮರುದಿನವೂ ಅದೇ, ಅದರ ಮರುದಿನವೂ ಅದೇ. ‘ಲೋಟ ಎಲ್ಲಿದೆ ಹೇಳಿ’ ಅಂದರೆ ‘ಇಟ್ಟಲ್ಲೇ ಇದೆ’ ಎಂದು ನಕ್ಕುಬಿಡುತ್ತಿದ್ದರು. ಬಚ್ಚಲಿಗೆ ಹೋಗಲು ಮಗನ ತೋಳು ಬೇಕು, ‘ಕಾಲು ಸೋತಿದೆ’ ಎಂಬ ನೆಪ. ಗೋಡೆಯ ಬಗ್ಗೆ ಚಕಾರವಿಲ್ಲ. ಆ ತಿರುವನ್ನು ದಾಟುವಾಗಲೆಲ್ಲ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹಾಳಾದ್ದು, ಆ ಹೊಳಪು ಒಮ್ಮೆ ಕಣ್ಣಿಗೆ ಬೀಳಬಾರದೇ ಅನ್ನಿಸುತ್ತಿತ್ತು. ಕಣ್ಣು ಬರಲೇ ಇಲ್ಲವೇನೋ ಎಂದು ಅಷ್ಟು ಹೆದರಿದ್ದೆ ಅತ್ತೆ.

ಇವತ್ತು ಬೆಳಿಗ್ಗೆ ನಿಮ್ಮ ಮಗ ಕೆಲಸಕ್ಕೆ ಹೋದ ಮೇಲೆ ಮಾವ ಒಬ್ಬರೇ ಎದ್ದು ಬಂದರು. ಅಡುಗೆಮನೆಯ ಬಾಗಿಲಲ್ಲಿ ನಾನು ನೋಡುತ್ತಾ ನಿಂತೆ. ಗೋಡೆಯತ್ತ ಕೈ ಚಾಚಿದರು. ಆದರೆ ಮುಟ್ಟಲಿಲ್ಲ. ತಿರುವಿನಲ್ಲಿ ನಿಂತು, ಕನ್ನಡಕವನ್ನು ಹಣೆಗೇರಿಸಿ, ತಲೆ ಓರೆ ಮಾಡಿದರು.

‘ಯಾರಮ್ಮ ಅದು, ನನ್ನ ಗೋಡೇನ ಹಿಂಗೆ ಕೆರೆದು ಹಾಕಿರೋದು? ಇದೇನು ಗೋಡೇನೋ, ತಳ ಹಿಡಿದ ಪಾತ್ರೇನೋ?’

ಓಡಿಹೋಗಿ ಅವರ ಕಾಲ ಬಳಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಗಾಬರಿಯಾದರು. ‘ಅಯ್ಯೋ, ಒಂದು ಮಾತು ಅಂದಿದ್ದಕ್ಕೆ ಹಿಂಗಾ ಅಳೋದು? ಏಳಮ್ಮ, ಏಳು.’ ‘ಇನ್ನೂ ಬೈರಿ ಮಾವ, ಇನ್ನೂ ಬೈರಿ’ ಎಂದೆ. ಭುಜ ಹಿಡಿದು ಎಬ್ಬಿಸಿ, ನನ್ನನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅವರ ದನಿ ಸಣ್ಣಗಾಯಿತು.

‘ಇದ್ಯಾವಾಗಮ್ಮ ನಿನ್ನ ತಲೆ ಇಷ್ಟೊಂದು ನರೆತಿದ್ದು? ನಂಗ್ಯಾರೂ ಹೇಳಲೇ ಇಲ್ವಲ್ಲ.’

ನಿಮ್ಮ ಯಜಮಾನರಿಗೆ ಕಣ್ಣು ಬಂದಿದೆ ಅತ್ತೆ. ಇನ್ನು ನಿಶ್ಚಿಂತೆಯಾಗಿರಿ, ಇದ್ದಲ್ಲಿಂದಲೇ ನಮ್ಮನ್ನು ಹರಸಿ.

ಇಂತಿ,
ಬೈಸಿಕೊಂಡು ಸುಖವಾಗಿರುವ ನಿಮ್ಮ ಸೊಸೆ